ತೆರೆಯಲೊಲ್ಲದ ಕಡತ

ಕಾಗದದ ಮೇಲೆ ಮಸಿಯಿಂದ ಬರೆದ ಪತ್ರಕ್ಕೆ ಒಂದು ಹೆಚ್ಚುಗಾರಿಕೆಯುಂಟು. ಅದನ್ನು ಓದಲು ಕಣ್ಣೂ ಬೆಳಕೂ ಇದ್ದರೆ ಸಾಕು. ಬರೆದವನ ಲೇಖನಿ ಓದುವವನ ಬಳಿ ಇರಬೇಕಾದುದಿಲ್ಲ. ಗಣಕಯಂತ್ರದಲ್ಲಿ ಬರೆದ ಬರಹದ ಸ್ಥಿತಿ ಹಾಗಲ್ಲ. ಮೈಸೂರಿನಲ್ಲಿರುವ ತಂದೆ ಸಿದ್ಧಪಡಿಸಿದ ಆಸ್ತಿಯ ವಿವರ ಅಮೆರಿಕದಲ್ಲಿರುವ ಮಗನ ಕಂಪ್ಯೂಟರನ್ನು ಕ್ಷಣಾರ್ಧದಲ್ಲಿ ತಲುಪೀತು. ಆದರೆ ತಲುಪಿದ ಕಡತ ಅಲ್ಲಿ ತೆರೆದುಕೊಳ್ಳಬೇಕಾದರೆ ಎರಡು ಕಡೆಯ ತಂತ್ರಾಂಶಗಳೂ, ನಡುವೆ ಅದನ್ನು ಇರಿಸಿಕೊಂಡ ಅಂತರಜಾಲದ ಭಂಡಾರವೂ ಪರಸ್ಪರ ಒಪ್ಪಬೇಕು. ಒಪ್ಪದಿದ್ದಾಗ ಪರದೆಯ ಮೇಲೆ ಮೂಡುವುದು ಒಂದೇ ಒಂದು ಒರಟು ವಾಕ್ಯ: ಕಡತವನ್ನು ತೆರೆಯಲಾಗುತ್ತಿಲ್ಲ.

ಈ ವಾಕ್ಯವನ್ನು ಕಂಡೊಡನೆ ಮನೆಮಂದಿ ಗಾಬರಿಗೊಳ್ಳುವುದು ಸಹಜ. ಒಬ್ಬರು ಕಡತವನ್ನೇ ಅಳಿಸುತ್ತಾರೆ. ಮತ್ತೊಬ್ಬರು ಕಂಡ ಗುಂಡಿಗಳನ್ನೆಲ್ಲ ಒತ್ತುತ್ತಾರೆ. ಮೂರನೆಯವರು ತಂತ್ರಾಂಶವನ್ನೆಲ್ಲ ತೆಗೆದು ಹೊಸದಾಗಿ ಹಾಕಿಸುತ್ತಾರೆ. ಆದರೆ ತೆರೆಯದಿರುವುದು ಬೇರೆ, ಕೆಟ್ಟಿರುವುದು ಬೇರೆ. ಎಷ್ಟೋ ಸಂದರ್ಭಗಳಲ್ಲಿ ಕಡತ ಕ್ಷೇಮವಾಗಿಯೇ ಇರುತ್ತದೆ. ನಡುವೆ ಯಾವನೋ ಕಾವಲುಗಾರನು ಅದನ್ನು ತಡೆದಿರುತ್ತಾನೆ. ಆ ಕಾವಲುಗಾರನು ಯಾರೆಂದು ಕಂಡುಕೊಂಡರೆ ಅರ್ಧ ಚಿಕಿತ್ಸೆ ಮುಗಿದಂತೆ.

ಮೊದಲು ನಾಡಿಪರೀಕ್ಷೆ

ಎಲ್ಲಕ್ಕೂ ಮುಂಚೆ ಬಂದ ಕಡತದ ಒಂದು ಪ್ರತಿಯನ್ನು ಮಾಡಿಟ್ಟುಕೊಂಡು, ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆಯೇ ನಡೆಸಬೇಕು. ಮೂಲವನ್ನು ಮುಟ್ಟಕೂಡದು.

ಅನಂತರ ಮೂರು ಸಣ್ಣ ಪರೀಕ್ಷೆಗಳು. ಅದೇ ತಂತ್ರಾಂಶದಲ್ಲಿ ಮನೆಯದೇ ಆದ ಬೇರೊಂದು ಬರಹ ತೆರೆಯುತ್ತದೆಯೆ? ತೆರೆಯದಿದ್ದರೆ ದೋಷ ತಂತ್ರಾಂಶದ್ದು. ಬಂದ ಕಡತವನ್ನು ಸ್ವಂತ ಯಂತ್ರದ ಫೋಲ್ಡರಿಗೆ ಇಳಿಸಿಕೊಂಡರೆ ತೆರೆಯುತ್ತದೆಯೆ? ತೆರೆದರೆ ದೋಷ ಅದು ಇದ್ದ ಸ್ಥಳದ್ದು, ಇಲ್ಲವೆ ಅನುಮತಿಯದು. ಮತ್ತೊಂದು ಕಂಪ್ಯೂಟರಿನಲ್ಲಾಗಲಿ ಬೇರೊಂದು ತಂತ್ರಾಂಶದಲ್ಲಾಗಲಿ ತೆರೆಯುತ್ತದೆಯೆ? ಎಲ್ಲಿಯೂ ತೆರೆಯದಿದ್ದರೆ ಮಾತ್ರ ಕಡತದ ಮೇಲೆ ಸಂಶಯ ಪಡಬೇಕು. ಈ ಮೂರು ಪ್ರಶ್ನೆಗಳಿಗೆ ಐದು ನಿಮಿಷ ಸಾಕು. ಉಳಿಯುವುದು ದಿನಗಟ್ಟಲೆಯ ಅಲೆದಾಟ.

ಹೆಸರು ಒಂದು, ಒಳಗಿರುವುದು ಇನ್ನೊಂದು

ಇಂದು ಮನೆಮನೆಯಲ್ಲಿ ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ವರ್ಡ್ 1983ರಲ್ಲಿ ಹುಟ್ಟಿದ್ದು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಚಾರ್ಲ್ಸ್ ಸಿಮೊನಿ ಅದಕ್ಕೂ ಮುನ್ನ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ 'ಬ್ರಾವೋ' ಎಂಬ ಬರಹದ ತಂತ್ರಾಂಶವನ್ನು ನಿರ್ಮಿಸಿದ್ದರು. ವರ್ಡ್ ತನ್ನ ಬರಹಗಳನ್ನು ಬಹುಕಾಲ 'ಡಾಕ್' ಎಂಬ ಬಾಲದ ಹೆಸರಿನಲ್ಲಿ, ತನಗೆ ಮಾತ್ರ ಸುಲಭವಾಗಿ ತಿಳಿಯುವ ಗೂಢರೂಪದಲ್ಲಿ ಇಡುತ್ತಿತ್ತು. 2007ರ ಆವೃತ್ತಿಯೊಡನೆ 'ಡಾಕ್ಸ್' ಎಂಬ ಹೊಸ ರೂಪ ಬಂದಿತು. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಒಳಗೆ ಅಜಗಜಾಂತರ.

ಡಾಕ್ಸ್ ಎಂಬುದು ನಿಜವಾಗಿ ಒಂದು ಗಂಟು. ಅಂತರಜಾಲದಲ್ಲಿ ಸಾಮಾನ್ಯವಾಗಿ ಕಾಣುವ 'ಜಿಪ್' ಗಂಟಿನಂತೆಯೇ, ಅದರೊಳಗೆ ಬರಹಕ್ಕೊಂದು ಹಾಳೆ, ಅಕ್ಷರಗಳ ಅಂದಚೆಂದಕ್ಕೊಂದು ಹಾಳೆ, ಚಿತ್ರಗಳಿಗೊಂದು ಕೋಣೆ, ಹೀಗೆ ಹಲವು ತುಂಡುಗಳಿರುತ್ತವೆ. ಗಂಟು ಅರ್ಧವೇ ಇಳಿದು ಬಂದರೆ, ಅಂದರೆ ನಡುವೆ ಅಂತರಜಾಲ ಕಡಿದುಹೋದರೆ, ಅದು ಬಿಚ್ಚಿಕೊಳ್ಳುವುದಿಲ್ಲ. ಕಳುಹಿಸಿದವರ ಬಳಿಯಿರುವ ಕಡತದ ಗಾತ್ರವನ್ನು ಕೇಳಿ ಹೋಲಿಸಿದರೆ ಈ ದೋಷ ಒಡನೆಯೇ ಬಯಲಾಗುತ್ತದೆ. ಹಾಗೆಯೇ ಡಾಕ್ ಕಡತಕ್ಕೆ ಡಾಕ್ಸ್ ಎಂದು ಹೆಸರು ಬದಲಿಸಿದ ಮಾತ್ರಕ್ಕೆ ಅದು ಡಾಕ್ಸ್ ಆಗದು. ಸಕ್ಕರೆಯ ಡಬ್ಬಿಗೆ ಉಪ್ಪೆಂದು ಚೀಟಿ ಅಂಟಿಸಿದರೆ ಸಕ್ಕರೆ ಉಪ್ಪಾಗುವುದೆ? ಇತ್ತ 2003ರ ಹಳೆಯ ವರ್ಡ್ ತಾನಾಗಿ ಡಾಕ್ಸನ್ನು ಓದಲಾರದು. ಅತ್ತ ಹೊಸ ವರ್ಡ್ ಅತಿ ಹಳೆಯ ಆವೃತ್ತಿಗಳ ಕಡತಗಳನ್ನು ಸುರಕ್ಷತೆಯ ದೃಷ್ಟಿಯಿಂದ ತಡೆಯುವುದುಂಟು.

ಮತ್ತೊಂದು ಭ್ರಮೆಯೂ ಸಾಮಾನ್ಯ. ಗೂಗಲ್ ಡಾಕ್ಸ್‌ನಲ್ಲಿ ಬರೆದ ಬರಹಕ್ಕೆ ಕಂಪ್ಯೂಟರಿನ ಫೋಲ್ಡರಿನಲ್ಲಿ ಕಾಣುವ ಸಣ್ಣ ಕಡತವು ಬರಹವೇ ಅಲ್ಲ, ಬರಹ ಎಲ್ಲಿದೆಯೆಂದು ತೋರುವ ವಿಳಾಸದ ಚೀಟಿ ಮಾತ್ರ. ಅದನ್ನು ಇಮೇಲಿನಲ್ಲಿ ಕಳುಹಿಸಿದರೆ ಮನೆಯ ಬದಲು ಮನೆಯ ವಿಳಾಸವನ್ನು ಕಳುಹಿಸಿದಂತೆ. ಅಂಥಲ್ಲಿ ಬರಹವನ್ನು ಡಾಕ್ಸ್ ರೂಪದಲ್ಲಿ ಇಳಿಸಿ ಕಳುಹಿಸಬೇಕು; ಇಲ್ಲವೆ ಕೊಂಡಿಯನ್ನು ಕಳುಹಿಸಿ, ಪಡೆಯುವವರ ಇಮೇಲಿಗೆ ಓದುವ ಅನುಮತಿಯನ್ನು ಕೊಡಬೇಕು.

ಸಂಶಯದ ಹೆಬ್ಬಾಗಿಲು

ಹೊರಗಿನಿಂದ ಬಂದ ಕಡತವನ್ನು ವಿಂಡೋಸ್ ಅತಿಥಿಯೆಂದು ನಂಬುವುದಿಲ್ಲ. ಅದರ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತದೆ. ಆ ಗುರುತನ್ನು ಕಂಡ ವರ್ಡ್ ಕಡತವನ್ನು 'ಪ್ರೊಟೆಕ್ಟೆಡ್ ವ್ಯೂ' ಎಂಬ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತದೆ. 2010ರ ಆವೃತ್ತಿಯಿಂದ ಬಂದ ಏರ್ಪಾಡಿದು. ಕೆಲವೊಮ್ಮೆ ಈ ಗಾಜಿನ ಪೆಟ್ಟಿಗೆಯೇ ಕೈಕೊಟ್ಟು, ಕಡತ ಕೆಟ್ಟಿದೆಯೆಂಬ ಸುಳ್ಳು ಸುದ್ದಿ ಪರದೆಯ ಮೇಲೆ ಬರುತ್ತದೆ.

ಈ ಸಂಶಯಕ್ಕೆ ಕಾರಣವಿಲ್ಲದಿಲ್ಲ. 1999ರ ಮಾರ್ಚ್ ತಿಂಗಳಲ್ಲಿ 'ಮೆಲಿಸ್ಸಾ' ಎಂಬ ಸೋಂಕು ವರ್ಡ್ ಕಡತದೊಳಗೆ ಅಡಗಿ ಲೋಕಸಂಚಾರ ಹೊರಟಿತು. ಕಡತವನ್ನು ತೆರೆದವನ ವಿಳಾಸಪುಸ್ತಕದಿಂದ ಐವತ್ತು ಹೆಸರುಗಳನ್ನು ಆರಿಸಿ, ಅವನ ಹೆಸರಿನಲ್ಲಿಯೇ ಅವರಿಗೆಲ್ಲ ತನ್ನನ್ನು ಕಳುಹಿಸಿಕೊಳ್ಳುತ್ತಿತ್ತು. ಪರಿಚಿತರಿಂದ ಬಂದುದೆಂದೇ ಜನ ಅದನ್ನು ತೆರೆದರು! ಇಂಥ ಸೋಂಕುಗಳು ಬಳಸುವ 'ಮ್ಯಾಕ್ರೋ' ಎಂಬ ಆಜ್ಞಾವಳಿಯು ಅಂತರಜಾಲದಿಂದ ಬಂದ ಕಡತಗಳಲ್ಲಿದ್ದರೆ, ಅದನ್ನು ಮೊದಲಿಗೇ ತಡೆಯುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2022ರಲ್ಲಿ ಜಾರಿಗೆ ತಂದಿತು.

ಆದುದರಿಂದ ಈ ಬಾಗಿಲನ್ನು ತೆಗೆಯುವ ಮುನ್ನ ಕಳುಹಿಸಿದವರಿಗೆ ದೂರವಾಣಿಯಲ್ಲಿ ಒಂದು ಮಾತು ಕೇಳುವುದೊಳ್ಳೆಯದು. ಅವರೇ ಕಳುಹಿಸಿದ್ದು ನಿಜವಾದರೆ, ಕಡತದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, 'ಪ್ರಾಪರ್ಟೀಸ್' ಎಂಬಲ್ಲಿ 'ಅನ್‌ಬ್ಲಾಕ್' ಎಂಬ ಚೌಕಕ್ಕೆ ಗುರುತು ಹಾಕಿದರೆ ತಡೆ ತೊಲಗುತ್ತದೆ. ಆದರೆ ಕಾವಲನ್ನೇ ಎಂದೆಂದಿಗೂ ತೆಗೆದುಹಾಕುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬಾರದು. ಒಬ್ಬ ನೆಂಟನನ್ನು ಒಳಗೆ ಕರೆಯಲು ಬೀದಿಬಾಗಿಲನ್ನೇ ಕಿತ್ತಿಡುವವರುಂಟೆ?

ಒಳಗೆ ಯಾರೋ ಇದ್ದಾರೆ

ಒಂದೇ ಕಡತವನ್ನು ಹಲವರು ಬಳಸುವ ಕಚೇರಿಯಲ್ಲಿ ಮತ್ತೊಂದು ತಡೆಯುಂಟು. ವರ್ಡ್ ಕಡತವನ್ನು ತೆರೆದೊಡನೆ ಅದೇ ಫೋಲ್ಡರಿನಲ್ಲಿ ಸಣ್ಣದೊಂದು ಗುಪ್ತ ಕಡತವನ್ನು ಸೃಷ್ಟಿಸಿ, ತೆರೆದವರ ಹೆಸರನ್ನು ಅದರಲ್ಲಿ ಬರೆದಿಡುತ್ತದೆ. ಅದರ ಹೆಸರು ಒಂದು ಅಲೆಗೆರೆ ಮತ್ತು ಡಾಲರ್ ಚಿಹ್ನೆಯಿಂದ ಆರಂಭವಾಗುತ್ತದೆ. ಎರಡನೆಯವರು ತೆರೆಯಲು ಬಂದಾಗ, ಇಂಥವರು ಒಳಗಿದ್ದಾರೆ ಎಂದು ಹೇಳುವುದು ಈ ಚೀಟಿಯೇ. ಕೆಲಸ ಮುಗಿದಾಗ ಚೀಟಿ ತಾನಾಗಿಯೇ ಅಳಿಯುತ್ತದೆ. ಆದರೆ ನಡುವೆ ವಿದ್ಯುತ್ತು ಹೋದರೆ, ಯಂತ್ರ ಸ್ತಬ್ಧವಾದರೆ, ಚೀಟಿ ಉಳಿದುಬಿಡುತ್ತದೆ. ಒಳಗೆ ಯಾರೂ ಇಲ್ಲದಿದ್ದರೂ ಬಾಗಿಲು ಮುಚ್ಚಿಯೇ ಇರುತ್ತದೆ.

ಎಲ್ಲರೂ ವರ್ಡನ್ನು ಮುಚ್ಚಿದ್ದಾರೆಂದು ಖಚಿತವಾದ ಮೇಲೆ ಆ ಗುಪ್ತ ಚೀಟಿಯನ್ನು ಅಳಿಸಬಹುದು. ಒಳಗೆ ನಿಜವಾಗಿಯೂ ಒಬ್ಬರು ಕೆಲಸ ಮಾಡುತ್ತಿದ್ದರೆ ಕಾಯುವುದೇ ಸರಿ. ತಾಳ್ಮೆಗೆಟ್ಟು ಆಳಿಗೊಂದು ಪ್ರತಿ ಮಾಡಿಕೊಂಡರೆ, ಮದುವೆಯ ಆಹ್ವಾನಿತರ ಪಟ್ಟಿ ಎರಡಾಗಿ, ಸೋದರಮಾವನ ಹೆಸರು ಒಂದರಲ್ಲಿದ್ದು, ಅಚ್ಚಿಗೆ ಹೋದದ್ದು ಇನ್ನೊಂದಾದೀತು. ಆ ನಷ್ಟವನ್ನು ಯಾವ ತಂತ್ರಜ್ಞನೂ ತುಂಬಿಕೊಡಲಾರ.

ರೋಗ ಒಳಗಿನದಾದರೆ

ವರ್ಡ್ ಯಾವ ಕಡತವನ್ನೂ ತೆರೆಯದಿದ್ದರೆ 'ಕಂಟ್ರೋಲ್' ಕೀಲಿಯನ್ನು ಒತ್ತಿಹಿಡಿದು ಅದನ್ನು ಆರಂಭಿಸಬೇಕು. ಆಗ ಅದು ಹೊರಗಿನಿಂದ ಸೇರಿದ ಉಪತಂತ್ರಾಂಶಗಳನ್ನೆಲ್ಲ ಬಿಟ್ಟು ಸರಳ ಸ್ಥಿತಿಯಲ್ಲಿ ಏಳುತ್ತದೆ. ಈ ಸ್ಥಿತಿಯಲ್ಲಿ ಕಡತಗಳು ತೆರೆದುಕೊಂಡರೆ ಆ ಉಪತಂತ್ರಾಂಶಗಳನ್ನು ಒಂದೊಂದಾಗಿ ನಿಲ್ಲಿಸಿ ಅಪರಾಧಿಯನ್ನು ಹಿಡಿಯಬಹುದು.

ಕಡತವೇ ಕೆಟ್ಟಿದ್ದರೆ, ವರ್ಡಿನ 'ಓಪನ್' ಗುಂಡಿಯ ಪಕ್ಕದ ಬಾಣದಲ್ಲಿ 'ಓಪನ್ ಅಂಡ್ ರಿಪೇರ್' ಎಂಬ ಆಯ್ಕೆಯುಂಟು. ಅದೂ ಫಲಿಸದಿದ್ದರೆ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ತಂತ್ರಾಂಶದಲ್ಲಿ ಪ್ರಯತ್ನಿಸಬೇಕು. ವರ್ಡ್ ಕೈಬಿಟ್ಟದ್ದನ್ನು ಅದು ಎತ್ತಿಕೊಂಡದ್ದುಂಟು. ಕೊನೆಯ ಉಪಾಯವಾಗಿ, ಡಾಕ್ಸ್ ಕಡತದ ಪ್ರತಿಗೆ 'ಜಿಪ್' ಎಂದು ಹೆಸರಿಟ್ಟು ಬಿಚ್ಚಿದರೆ, ಗಂಟು ಪೂರ್ಣವಾಗಿ ಹಾಳಾಗಿರದಿದ್ದ ಪಕ್ಷದಲ್ಲಿ, ಒಳಗಿನ ಚಿತ್ರಗಳನ್ನಾದರೂ ಉಳಿಸಿಕೊಳ್ಳಬಹುದು. ಅಂತರಜಾಲದ ಭಂಡಾರದಲ್ಲಿಟ್ಟ ಕಡತವಾದರೆ ಹಿಂದಿನ ಆವೃತ್ತಿಗಳು ಅಲ್ಲಿಯೇ ದೊರೆಯುವ ಸಂಭವ ಹೆಚ್ಚು.

ತೆರೆದರೂ ಓದಲಾಗದ ಕನ್ನಡ

ಕನ್ನಡಿಗರಿಗೆ ಇದೆಲ್ಲಕ್ಕಿಂತ ದೊಡ್ಡದೊಂದು ಸಂಕಟವುಂಟು. ಕಡತವೇನೋ ತೆರೆಯುತ್ತದೆ, ಆದರೆ ಕಾಣುವುದು ಕನ್ನಡವಲ್ಲ, ತಲೆಯ ಮೇಲೆ ಕೊಂಬು, ಟೊಪ್ಪಿಗೆಗಳನ್ನು ಹೊತ್ತ ಪರದೇಶದ ಅಕ್ಷರಗಳ ಸಂತೆ. 1998ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಮೊದಲಾದವು ಕನ್ನಡವನ್ನು ಗಣಕಕ್ಕೆ ತಂದ ಉಪಕಾರಿಗಳು. ಆದರೆ ಆಗಿನ ರೂಢಿಯಂತೆ ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ವೇಷ ತೊಡಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಸಂಕೇತಗಳಷ್ಟೇ ಉಳಿಯುತ್ತವೆ. 1991ರ ಯೂನಿಕೋಡ್‌ನಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿದ್ದರೂ, ಅದು ಬಳಕೆಗೆ ಇಳಿಯಲು ಬಹಳ ವರ್ಷಗಳು ಹಿಡಿದವು. ಅಷ್ಟರೊಳಗೆ ಕಥೆ, ಪ್ರಬಂಧ, ವಂಶಾವಳಿ, ಕಚೇರಿಯ ಪತ್ರವೆಂದು ಅಪಾರ ಬರಹ ಹಳೆಯ ಸಂಕೇತದಲ್ಲಿಯೇ ಕೂಡಿಬಿದ್ದಿತು.

ಇದು ಕೆಟ್ಟ ಕಡತವಲ್ಲ, ಅಳಿಸತಕ್ಕದ್ದೂ ಅಲ್ಲ. ಆ ಫಾಂಟನ್ನು ಯಂತ್ರಕ್ಕೆ ಹಾಕಿದರೆ ಕನ್ನಡ ಮರಳಿ ಕಾಣುತ್ತದೆ. ಆದರೆ ಶಾಶ್ವತ ಪರಿಹಾರವೆಂದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸುವುದು. ಅದಕ್ಕೆ ಪರಿವರ್ತಕಗಳು ಇವೆ. ಪರಿವರ್ತಿಸಿದ ಬಳಿಕ ಒಮ್ಮೆ ಓದಿ ತಿದ್ದುವುದು ಅವಶ್ಯ. 'ಸೂರ್ಯ' ಎಂಬಲ್ಲಿನ ಅರ್ಕಾವತ್ತನ್ನು ಹಳೆಯ ಸಂಕೇತ ಕಣ್ಣಿಗೆ ಕಾಣುವಂತೆ ಯಕಾರದ ಅನಂತರ ಇಡುತ್ತದೆ. ಯೂನಿಕೋಡ್ ಉಚ್ಚಾರದಂತೆ ರಕಾರವನ್ನು ಮೊದಲಿಡುತ್ತದೆ. ಈ ಸ್ಥಳಾಂತರದಲ್ಲಿ ತಪ್ಪುಗಳು ನುಸುಳಬಹುದು. ನಡುವೆ ಬಂದ ಇಂಗ್ಲಿಷ್ ಪದಗಳಂತೂ ಅರ್ಥವಿಲ್ಲದ ಕನ್ನಡವಾಗಿ ಮಾರ್ಪಡುವುದುಂಟು.

ಅಜ್ಜನ ಆತ್ಮಕಥನ, ಅಮ್ಮ ಬರೆದಿಟ್ಟ ಅಡುಗೆಯ ವಿವರ, ಮಗಳ ಮೊದಲ ಕಥೆ ಇಂಥ ಕಡತಗಳಲ್ಲಿದ್ದರೆ ಅವನ್ನು ಪರಿವರ್ತಿಸಲು ಇದೇ ಸಕಾಲ. ಹಳೆಯ ಫಾಂಟು ಯಾವುದೆಂದು ಬಲ್ಲವರು ಮನೆಯಲ್ಲಿರುವಾಗಲೇ ಆ ಕೆಲಸ ಸುಲಭ. ಬರಹದ ಒಂದು ಪ್ರತಿ ಯೂನಿಕೋಡಿನ ಡಾಕ್ಸ್ ರೂಪದಲ್ಲಿ, ಓದಲಿಕ್ಕಷ್ಟೇ ಆದ ಇನ್ನೊಂದು ಪಿ.ಡಿ.ಎಫ್. ರೂಪದಲ್ಲಿ, ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇರಲಿ. ಮುಂದೆ ಒಂದು ತೆರೆಯಲೊಲ್ಲದಿದ್ದರೆ ಮತ್ತೊಂದು ತೆರೆದೀತು.