ಕಂಪ್ಯೂಟರ್ ಚಾಲೂ ಆಗದಿದ್ದರೆ ಮೊದಲು ಕಡತ, ನಂತರ ದುರಸ್ತಿ

ಐಗಳಿ (ಅಥಣಿ): ದ್ರಾಕ್ಷಿ ಕಟಾವಿನ ಹಂಗಾಮಿನಲ್ಲಿ ಅಥಣಿ ತಾಲ್ಲೂಕಿನ ಐಗಳಿ, ತೆಲಸಂಗ ಭಾಗದಲ್ಲಿ ಒಣದ್ರಾಕ್ಷಿ ತಯಾರಿಕೆಯ ಭರಾಟೆ. ವಿಜಯಪುರ, ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗಳಿಗೆ ಸಾಗುವ ಮಾಲಿನ ತೂಕ, ದರ, ಬಾಕಿಯ ಲೆಕ್ಕಗಳು ಖಾತೆ ಪುಸ್ತಕದಿಂದ ಕಂಪ್ಯೂಟರ್‌ಗೆ ಸ್ಥಳಾಂತರಗೊಳ್ಳುತ್ತಿವೆ. ಇಂಥ ವೇಳೆ ಒಂದು ಮುಂಜಾನೆ ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಸಂದೇಶ ಮೂಡಿದರೆ ಅಪಾಯಕ್ಕೆ ಸಿಲುಕುವುದು ಯಂತ್ರವಲ್ಲ, ವರ್ಷದ ಲೆಕ್ಕ.

‘ಭೂಮಿ’ ಯೋಜನೆಯಡಿ ಗಣಕೀಕರಣಗೊಂಡ ಪಹಣಿ ಸರ್ಕಾರದ ಸರ್ವರ್‌ನಲ್ಲಿದೆ. ಮನೆಯ ಕಂಪ್ಯೂಟರ್ ಕೆಟ್ಟರೂ ಅದು ಮತ್ತೆ ದೊರೆಯುತ್ತದೆ. ವರ್ತಕರ ಲೆಕ್ಕ, ಸ್ಟುಡಿಯೋಗಳ ಛಾಯಾಚಿತ್ರ, ಡಿಟಿಪಿ ಕೇಂದ್ರಗಳ ಕಡತಗಳಿಗೆ ಆ ಭದ್ರತೆ ಇಲ್ಲ. ಆದ್ದರಿಂದ ‘ಫಾರ್ಮ್ಯಾಟ್ ಮಾಡಿಬಿಡಿ’ ಎಂಬ ಸಲಹೆಗೆ ಒಪ್ಪುವ ಮುನ್ನ ದೋಷ ಎಲ್ಲಿದೆ ಎಂದು ತಿಳಿಯುವುದು ಅಗತ್ಯ.

ದೋಷ ಪತ್ತೆ ಹೇಗೆ?

ಗುಂಡಿ ಒತ್ತಿದೊಡನೆ ಕಂಪ್ಯೂಟರ್ ತನ್ನ ಬಿಡಿಭಾಗಗಳನ್ನು ಪರೀಕ್ಷಿಸಿಕೊಳ್ಳುತ್ತದೆ. ಬಳಿಕ ಮದರ್‌ಬೋರ್ಡ್‌ನಲ್ಲಿರುವ ಬಯಾಸ್ ತಂತ್ರಾಂಶವು ಹಾರ್ಡ್ ಡಿಸ್ಕ್ ಅನ್ನು ಹುಡುಕಿ, ಅಲ್ಲಿಂದ ವಿಂಡೋಸ್ ಅಥವಾ ಲಿನಕ್ಸ್ ಅನ್ನು ಎಬ್ಬಿಸುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಪರದೆ ಕಪ್ಪಾಗಿಯೇ ಉಳಿಯಬಹುದು.

ಮೊದಲಿಗೆ ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳನ್ನು ತೆಗೆದು ಮತ್ತೆ ಚಾಲೂ ಮಾಡಬೇಕು. ಕೆಲವೊಮ್ಮೆ ಯಂತ್ರವು ಅವುಗಳಲ್ಲೇ ವಿಂಡೋಸ್ ಹುಡುಕಿ ಸೋಲುತ್ತದೆ. ಫಲ ಕಾಣದಿದ್ದರೆ ಚಾಲೂ ಆಗುವಾಗ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿ (ಕಂಪನಿಗೆ ತಕ್ಕಂತೆ ಕೀಲಿ ಬದಲಾಗುತ್ತದೆ) ಬಯಾಸ್ ಪರದೆಗೆ ಹೋಗಬೇಕು. ಅಲ್ಲಿ ಡಿಸ್ಕ್‌ನ ಹೆಸರು ಕಂಡರೆ, ತೊಂದರೆ ಹೆಚ್ಚಾಗಿ ಬೂಟ್ ಕ್ರಮದಲ್ಲಿ ಅಥವಾ ವಿಂಡೋಸ್ ಕಡತಗಳಲ್ಲಿ ಇರುತ್ತದೆ. ದಿನಾಂಕವೂ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ ಸೆಲ್ ಮುಗಿದಿರುವ ಸಾಧ್ಯತೆ ಹೆಚ್ಚು. ಇದರಿಂದ ಬೂಟ್ ಕ್ರಮ ಅಳಿಸಿಹೋಗುವುದುಂಟು. ಹೊಸ ಸೆಲ್ ಹಾಕಿ ಕ್ರಮ ಸರಿಪಡಿಸಿದರೆ ಸಾಕಾದೀತು.

ಹೆಸರೇ ಕಾಣದಿದ್ದರೆ ವಿದ್ಯುತ್ ಸಂಪರ್ಕ ಪೂರ್ತಿ ತೆಗೆದು, ಡೆಸ್ಕ್‌ಟಾಪ್‌ನ ಒಳಗಿನ ಡೇಟಾ ಕೇಬಲ್ ಮತ್ತು ವಿದ್ಯುತ್ ಕೇಬಲ್‌ಗಳನ್ನು ಕಳಚಿ ಮರುಜೋಡಿಸಬೇಕು. ದೂಳು ಮತ್ತು ಸಡಿಲ ಜೋಡಣೆಯೇ ಕಾರಣವಾಗಿರುವುದು ಅಪರೂಪವಲ್ಲ.

‘ಟಕ್ ಟಕ್’ ಸದ್ದು ಬಂದರೆ

ಹಾರ್ಡ್ ಡಿಸ್ಕ್‌ನ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಬಾರಿ ತಿರುಗುತ್ತವೆ. ಓದುವ ಸೂಜಿ ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಪದೇ ಪದೇ ಟಕ್ ಟಕ್ ಸದ್ದು ಕೇಳಿಸಿದರೆ ಒಳಭಾಗ ಹಾನಿಗೊಂಡಿರಬಹುದು. ಕೂಡಲೇ ವಿದ್ಯುತ್ ಕಡಿತಗೊಳಿಸಬೇಕು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ತಟ್ಟೆ ಗೀಚಿಹೋಗುವ ಭಯವಿದೆ. ಮುಚ್ಚಳ ತೆರೆಯುವುದಂತೂ ಸಲ್ಲದು. ಇಂಥ ಡಿಸ್ಕ್‌ಗಳನ್ನು ದತ್ತಾಂಶ ಮರುಪಡೆಯುವ ತಜ್ಞರು ದೂಳುರಹಿತ ಕೊಠಡಿಯಲ್ಲಿ ಮಾತ್ರ ತೆರೆಯುತ್ತಾರೆ.

ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವಿಲ್ಲ, ಸದ್ದೂ ಇಲ್ಲ. ಆದರೆ ಅವು ಮುನ್ಸೂಚನೆಯಿಲ್ಲದೆ ಕೈಕೊಡಬಲ್ಲವು.

ನಕಲು ಮೊದಲು

ಡಿಸ್ಕ್ ಕಾಣುತ್ತಿದ್ದು ಸದ್ದಿಲ್ಲದಿದ್ದರೆ, ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್ ಮೂಲಕ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಡಿಸ್ಕ್ ಅನ್ನು ಹೊರತೆಗೆದು ಬೇರೆ ಕಂಪ್ಯೂಟರ್‌ಗೆ ಯುಎಸ್‌ಬಿ ಮೂಲಕ ಜೋಡಿಸುವುದೂ ಸಾಧ್ಯ. ಆಗ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕೇಳಿದರೆ ಬೇಡವೆಂದೇ ಉತ್ತರಿಸಬೇಕು. ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಕೀಲಿ ಬೇಕಾಗಬಹುದು. ಅದು ಸಾಮಾನ್ಯವಾಗಿ ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ.

‘ಸ್ಟಾರ್ಟ್‌ಅಪ್ ರಿಪೇರ್’, ‘ಚೆಕ್‌ಡಿಸ್ಕ್’ಗಳ ಸರದಿ ನಕಲಾದ ನಂತರವೇ. ಚೆಕ್‌ಡಿಸ್ಕ್ ಡಿಸ್ಕ್‌ನ ದಾಖಲೆಗಳನ್ನೇ ತಿದ್ದಬಲ್ಲದು. ದುರ್ಬಲ ಡಿಸ್ಕ್‌ಗೆ ಅದರ ದೀರ್ಘ ಪರಿಶೀಲನೆಯೇ ಕೊನೆಯ ಪೆಟ್ಟಾಗಬಹುದು.

ಮುನ್ನೆಚ್ಚರಿಕೆ

ಹಠಾತ್ ವಿದ್ಯುತ್ ಕಡಿತ ಡಿಸ್ಕ್‌ಗೆ ಶತ್ರು. ಯುಪಿಎಸ್ ಇದ್ದರೆ ಯಂತ್ರವನ್ನು ಕ್ರಮಬದ್ಧವಾಗಿ ನಿಲ್ಲಿಸಲು ಸಮಯ ಸಿಗುತ್ತದೆ. ಮುಖ್ಯ ಕಡತಗಳ ಮೂರು ಪ್ರತಿಗಳಿರಲಿ. ಒಂದು ಕಂಪ್ಯೂಟರ್‌ನಲ್ಲಿ, ಒಂದು ಹೊರಗಿನ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಸ್ಥಳದಲ್ಲಿ ಅಥವಾ ಅಂತರ್ಜಾಲದ ಸಂಗ್ರಹದಲ್ಲಿ ಇರಲಿ. ಹಳೆಯ ನುಡಿ, ಬರಹ ಕಡತಗಳಿದ್ದರೆ ಅವುಗಳ ಫಾಂಟ್‌ಗಳನ್ನೂ ಜತೆಗೆ ಉಳಿಸಿಕೊಳ್ಳಬೇಕು. ಫಾಂಟ್ ಇಲ್ಲದಿದ್ದರೆ ಮರಳಿ ಸಿಕ್ಕ ಕನ್ನಡವೂ ಓದಲಾಗದ ಚಿಹ್ನೆಗಳಾಗಿ ಕಾಣಿಸುತ್ತದೆ.

ಹಾರ್ಡ್ ಡಿಸ್ಕ್ ಹೊಸದು ಸಿಗುತ್ತದೆ. ಅದರೊಳಗಿನ ಲೆಕ್ಕ ಅಂಗಡಿಯಲ್ಲಿ ಸಿಗುವುದಿಲ್ಲ.