ವಿನೋದೋದ್ಯಾನದಲ್ಲೊಂದು ಒಂಟಿ ಕೋಣೆ

ಕ್ಷೇತ್ರಕ್ಕೆ ಒಬ್ಬನೇ ಹೊರಟವನನ್ನು ಲೋಕವು ಭಕ್ತನೆಂದು ತಿಳಿಯುತ್ತದೆ; ಕಚೇರಿಗೆ ಒಬ್ಬನೇ ಹೊರಟವನನ್ನು ಕಾರ್ಯಾರ್ಥಿಯೆಂದು ತಿಳಿಯುತ್ತದೆ. ಮಕ್ಕಳು ಮರಿಗಳು ಕೂಡಿ ಕೇಕೆ ಹಾಕುವ ವಿನೋದೋದ್ಯಾನಕ್ಕೆ ಅರವತ್ತು ವರ್ಷದ ಮುದುಕನೊಬ್ಬನು ಏಕಾಕಿಯಾಗಿ ಹೊರಟರೆ ಮಾತ್ರ ಅವನನ್ನು ಏನೆಂದು ತಿಳಿಯಬೇಕೋ ಅದಕ್ಕೆ ತೋರುವುದಿಲ್ಲ. ಕಳೆದ ಮಾಘಮಾಸದಲ್ಲಿ ನಾನು ಬುಕ್ಕಾಪಟ್ಟಣದಲ್ಲಿ ಶಿರಾ ಬಸ್ಸಿಗಾಗಿ ಚೀಲ ಹಿಡಿದು ನಿಂತಿದ್ದಾಗ ಹಳೆಯ ಶಿಷ್ಯನೊಬ್ಬನು, “ಎಲ್ಲಿಗೆ ಮೇಷ್ಟ್ರೇ, ಮಗಳ ಮನೆಗೋ?” ಎಂದು ಕೇಳಿದನು. ನಾನು ಇದ್ದುದನ್ನು ಇದ್ದಂತೆಯೇ ಹೇಳಿದೆನು. ಅವನು ನಗಬೇಕೋ ಬೇಡವೋ ತಿಳಿಯದೆ, “ಹುಷಾರಾಗಿ ಹೋಗಿ ಬನ್ನಿ” ಎಂದಷ್ಟೇ ನುಡಿದನು.

ಇದಕ್ಕೆ ಕಾರಣವನ್ನು ವಾಚಕರಿಗೆ ಅರಿಕೆ ಮಾಡಬೇಕು. ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ಉದ್ಯಾನವು ತೆರೆದ ತರುವಾಯ ನಮ್ಮ ಹುಡುಗರ ಪ್ರವಾಸದ ಪಟ್ಟಿಯಲ್ಲಿ ಬೇಲೂರು ಹಳೆಬೀಡುಗಳ ಜತೆಗೆ ಅದೂ ಸೇರಿಕೊಂಡಿತು. ನಾನು ಎಷ್ಟೋ ಸಾರಿ ಹುಡುಗರನ್ನು ಕರೆದುಕೊಂಡು ಹೋಗಿದ್ದೇನೆ. ಆದರೆ ಅವರು ನೀರಿನಲ್ಲಿ ಆಡುವಷ್ಟು ಹೊತ್ತೂ ನನ್ನ ಕೆಲಸವು ಚೀಲ ಚಪ್ಪಲಿಗಳನ್ನು ಕಾಯುವುದು ಮತ್ತು ತಲೆ ಎಣಿಸುವುದು. ರಾತ್ರಿ ಮನೆಗೆ ಬಂದು ಅಲ್ಲಿನ ಸೋಜಿಗಗಳನ್ನು ವರ್ಣಿಸಿದರೆ ನಮ್ಮ ಮನೆಯಾಕೆಯು, “ನನ್ನನ್ನೂ ಒಂದು ಸಲ ಅಂಥ ಕಡೆಗೆ ಕರೆದುಕೊಂಡು ಹೋಗಿರಿ, ನಾನು ಚೀಲ ಕಾಯುತ್ತೇನೆ, ನೀವು ನೀರಿಗಿಳಿಯಿರಿ” ಎಂದು ನಗುತ್ತಿದ್ದಳು. ನಿವೃತ್ತನಾದ ಮೇಲೆ ಹೋಗೋಣವೆಂದು ನಾನು ಹೇಳುತ್ತ ಬಂದೆನು. ನಿವೃತ್ತಿಯು ಬರುವುದಕ್ಕೆ ಮೊದಲೇ ಆಕೆಯು ಹೊರಟುಹೋದಳು. ಮಾತು ಉಳಿಯಿತು, ಆ ಮಾತಿನ ಸಾಲವನ್ನು ತೀರಿಸಲು ನಾನೊಬ್ಬನೇ ಹೊರಟೆನು.

ಹೊರಡುವುದು ಸುಲಭವಾಯಿತು, ತಂಗುವುದು ಸುಲಭವಾಗಲಿಲ್ಲ. ಇಂಥ ವಿಹಾರಸ್ಥಾನಗಳಲ್ಲಿ ಕೋಣೆಯ ಬಾಡಿಗೆಯನ್ನು ಸಾಮಾನ್ಯವಾಗಿ ಇಬ್ಬರ ಲೆಕ್ಕದಲ್ಲಿ ಗೊತ್ತುಮಾಡಿರುತ್ತಾರೆ. ಒಬ್ಬನೇ ಬಂದರೆ ಬಾರದವರ ಹಣವನ್ನೂ ಅವನೇ ತೆರಬೇಕು. ಇನ್ನು ಕೆಲವೆಡೆ ಒಂಟಿ ಮನುಷ್ಯನನ್ನು ಸೇರಿಸಿಕೊಳ್ಳುವುದೇ ಇಲ್ಲ. ಮೊದಲು ವಿಚಾರಿಸಿದ ಒಂದು ಕಡೆಯಲ್ಲಿ ಗುಮಾಸ್ತನು, “ಫ್ಯಾಮಿಲಿ ಇದ್ದರೆ ಬನ್ನಿ ಸಾರ್, ಒಬ್ಬರಿಗೆ ರೂಮು ಕೊಡುವುದಿಲ್ಲ” ಎಂದನು. ಕಾರಣ ಕೇಳಿದೆನು. ಒಬ್ಬನೇ ಬಂದು ಬಾಗಿಲು ಹಾಕಿಕೊಂಡವನು ಒಳಗೆ ಏನು ಮಾಡಿಕೊಂಡಾನೋ ಎಂಬ ಭಯವಂತೆ. ಆ ಮಾತನ್ನು ಕೇಳಿ ನನಗೆ ಸಿಟ್ಟು ಬರಲಿಲ್ಲ, ದುಃಖವಾಯಿತು; ಮಗಳು ಫೋನಿನಲ್ಲಿ, “ಅಪ್ಪ, ನೀವೊಬ್ಬರೇ ಯಾಕೆ ಹೋಗಬೇಕು?” ಎಂದು ಕೇಳಿದುದರಲ್ಲಿಯೂ ಅದೇ ಭಯವು ಅಡಗಿದ್ದಿತೆಂದು ಆಗ ಹೊಳೆಯಿತು.

ಕಡೆಗೆ ಬೆಂಗಳೂರಿನ ಹೊರವಲಯದ ಒಂದು ಸಣ್ಣ ಜಲಕ್ರೀಡೋದ್ಯಾನದಲ್ಲಿ, ಅದರ ಆವರಣದೊಳಗಿನ ತಂಗುಮನೆಯಲ್ಲಿಯೇ ಸ್ಥಳ ದೊರೆಯಿತು. ಅದರ ಹೆಸರನ್ನು ಹೇಳುವುದಿಲ್ಲ. ಹೊಗಳಿದರೆ ಜಾಹೀರಾತಾದೀತು, ತೆಗಳಿದರೆ ಅನ್ಯಾಯವಾದೀತು. ಮಹಡಿಯ ಮೆಟ್ಟಿಲ ಮಗ್ಗುಲಲ್ಲಿ ಒಬ್ಬರಿಗೆಂದೇ ಮಾಡಿದ ಕೋಣೆಯೊಂದಿದೆ, ಬಹಳ ಚಿಕ್ಕದು, ಆದೀತೇ ಎಂದು ಕೇಳಿದರು. ಆದೀತೆಂದೆನು.

ಕುಟಿಯೆಂದರೆ ಗುಡಿಸಲು, ಅದು ಇನ್ನೂ ಚಿಕ್ಕದಾದರೆ ಕುಟೀರ. ಈ ಚಿಕ್ಕತನವನ್ನು ಹೇಳುವುದಕ್ಕಾಗಿಯೇ ಪಾಣಿನಿಯು ಒಂದು ಪ್ರತ್ಯಯವನ್ನು ವಿಧಿಸಿದ್ದಾನೆ. ಇದನ್ನು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹುಡುಗರಿಗೆ ಹೇಳಿದ್ದ ನಾನು ಕುಟೀರವೆಂಬುದನ್ನು ಕಣ್ಣಾರೆ ಕಂಡದ್ದು ಅಂದೇ. ಬಾಗಿಲು ತೆರೆದರೆ ಮಂಚಕ್ಕೆ ತಾಗುವುದು. ಸ್ನಾನದ ಮನೆಯ ಬಾಗಿಲು ತೆರೆಯಬೇಕಾದರೆ ಮಂಚದ ಮೇಲೆ ಕಾಲೆತ್ತಿ ಕೂಡಬೇಕು. ಎಂಟು ಮೊಳದ ಒದ್ದೆ ಪಂಚೆಯನ್ನು ಹರವಲು ಉದ್ದ ಸಾಲದೆ ಎರಡು ಮಡಿಕೆ ಮಾಡಿದೆನು. ಗೋಡೆಗೆ ಒಂದು ಹಲಗೆ, ಒಂದು ಕನ್ನಡಿ, ಮೂರು ಗೂಟ. ಬಾಗಿಲ ಪಕ್ಕದ ಸಂದಿಯಲ್ಲಿ ಬೀಗದ ಚೀಟಿಯನ್ನು ಸಿಕ್ಕಿಸಿದರೆ ದೀಪ ಹತ್ತುತ್ತದೆ, ತೆಗೆದರೆ ಆರುತ್ತದೆ. ಇದನ್ನರಿಯದೆ ಕಾಲು ಗಂಟೆ ಕತ್ತಲಲ್ಲಿ ಕುಳಿತಿದ್ದೆನು.

ಒಬ್ಬನೇ ಬಂದ ಪಥಿಕನಿಗೆ ಸ್ಥಳ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯ ತೋಟದಪ್ಪನವರು 1897ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿಯ ಛತ್ರಕ್ಕೆ ತೊಡಗಿದುದು ಇಂಥವರಿಗಾಗಿಯೇ. ಛತ್ರದ ಜಗುಲಿಯಲ್ಲಿ ಮಲಗುವವನನ್ನು “ಜತೆಗೆ ಯಾರು?” ಎಂದು ಕೇಳುವವರಿರಲಿಲ್ಲ, ಮಗ್ಗುಲಲ್ಲಿ ಮಲಗಿದವನೇ ಜತೆ. ವಿನೋದೋದ್ಯಾನದ ತಂಗುಮನೆಯ ವಂಶವು ಬೇರೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಪಟ್ಟಣದ ಟಿವೋಲಿ ಉದ್ಯಾನವು 1843ರದು. ಅಮೆರಿಕದಲ್ಲಿ ಡಿಸ್ನಿಲ್ಯಾಂಡ್ 1955ರ ಜುಲೈ ತಿಂಗಳಲ್ಲಿ ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದರ ಹೋಟೆಲೂ ತೆರೆಯಿತು. ಒಂದು ಹಗಲಿನ ಆಟವನ್ನು ಎರಡು ಹಗಲು ಮಾಡಬೇಕಾದರೆ ನಡುವಿನ ರಾತ್ರಿಗೆ ಹಾಸಿಗೆ ಬೇಕಷ್ಟೆ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಉದ್ಯಾನವನ್ನು ತೆರೆದ ಸಂಸ್ಥೆಯವರೇ ಬಿಡದಿಯಲ್ಲಿಯೂ ತೆರೆದು, 2012ರಲ್ಲಿ ಅಲ್ಲಿ 84 ಕೋಣೆಗಳ ತಂಗುಮನೆಯನ್ನು ಕಟ್ಟಿದರು. ಇವೆಲ್ಲವೂ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಒಂಟಿಯವನು ಲೆಕ್ಕದಲ್ಲಿ ಬಿಟ್ಟುಹೋದನು.

ಅವನನ್ನು ಲೆಕ್ಕಕ್ಕೆ ಹಿಡಿದವರು ಜಪಾನೀಯರು. ಕಿಶೋ ಕುರೊಕಾವಾ ಎಂಬ ವಾಸ್ತುಶಿಲ್ಪಿಯು 1979ರಲ್ಲಿ ಒಸಾಕಾ ಪಟ್ಟಣದಲ್ಲಿ ಗೂಡುಗಳ ಹೋಟೆಲೊಂದನ್ನು ರಚಿಸಿದನು: ಒಬ್ಬ ಮನುಷ್ಯನು ಮಲಗುವಷ್ಟು ಉದ್ದ, ಎದ್ದು ಕೂಡುವಷ್ಟು ಎತ್ತರ, ಅದಕ್ಕಿಂತ ಹೆಚ್ಚಿಲ್ಲ. ಮುಂಬಯಿಯ ಸೆಂಟ್ರಲ್ ನಿಲ್ದಾಣದಲ್ಲಿಯೂ 2021ರಲ್ಲಿ ಇಂಥದೊಂದು ತೆರೆದಿದೆ. ಅವುಗಳ ಮುಂದೆ ನನ್ನ ಕುಟೀರವು ಅರಮನೆಯೇ ಸರಿ.

ಸಂಜೆಯವರೆಗೆ ಉದ್ಯಾನದಲ್ಲಿ ಸುತ್ತಿದೆನು. ಎತ್ತರದ ಜಾರುಗಾಲುವೆಗಳ ಗೊಡವೆಗೆ ಹೋಗಲಿಲ್ಲ. ಅಲೆಗಳೇಳುವ ಕೊಳದಲ್ಲಿ ಮೊಣಕಾಲುದ್ದದ ನೀರಿನಲ್ಲಿ ಕುಳಿತೆನು. ಅದಕ್ಕೆ ಮುಂಚೆ ಚೀಲವನ್ನು ಎಲ್ಲಿಡುವುದೆಂದು ಒಂದು ಕ್ಷಣ ತಡೆದು ನಿಂತದ್ದು ನಿಜ. ಕಾಯುತ್ತೇನೆಂದವಳು ಇರಲಿಲ್ಲ. ಬಾಡಿಗೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆನು. ರಾತ್ರಿಯ ಊಟದಲ್ಲಿ ಪಕ್ಕದ ಮೇಜಿನ ಹುಡುಗಿಯೊಬ್ಬಳು, “ತಾತ, ನಿಮ್ಮ ಮನೆಯವರೆಲ್ಲ ಎಲ್ಲಿ?” ಎಂದಳು. “ಮನೆಯಲ್ಲಿದ್ದಾರೆ ಮಗೂ” ಎಂದೆನು. ಅವಳು ತನ್ನ ಎಲೆಯ ಹಪ್ಪಳವನ್ನು ತಂದು ನನ್ನ ಎಲೆಗೆ ಹಾಕಿದಳು.

ಎಂಟು ಗಂಟೆಯ ಮೇಲೆ ಆಟಗಳು ನಿಂತು ನೀರು ಸುಮ್ಮನಾಯಿತು. ನಾನು ಬಾಗಿಲು ಹಾಕಿ ಮಲಗಿದೆನು. ಈ ರಾತ್ರಿಗೆ ನಾನೂ ಒಳಗೊಳಗೇ ಹೆದರಿದ್ದೆನು. ಆಕೆ ಹೋದಂದಿನಿಂದ ನನಗೆ ಒಂದು ರಾತ್ರಿಯೂ ಪೂರ್ಣ ನಿದ್ರೆಯಿರಲಿಲ್ಲ. ಆದರೆ ಅಂದು ಹೆದರಿದಂತೆ ಆಗಲಿಲ್ಲ. ಬೆಳಗಿನ ಐದು ಗಂಟೆಯವರೆಗೆ ಎಚ್ಚರವೇ ಆಗಲಿಲ್ಲ. ಇದಕ್ಕೆ ಕಾರಣವೇನೆಂದು ಹಾಸಿಗೆಯಲ್ಲೇ ಯೋಚಿಸಿದೆನು. ಬುಕ್ಕಾಪಟ್ಟಣದ ನನ್ನ ಮನೆ ದೊಡ್ಡದು. ಅಲ್ಲಿ ಜೋಡಿ ಮಂಚದ ಒಂದು ಮಗ್ಗುಲು ಬರಿದು, ಅಡುಗೆಮನೆಯ ಮಣೆ ಬರಿದು, ತುಳಸೀಕಟ್ಟೆಯ ಮುಂದಿನ ನೆಲ ಬರಿದು. ಈ ಕೋಣೆಯಲ್ಲಿ ಇದ್ದುದು ಒಬ್ಬನ ಮಂಚ, ಒಬ್ಬನ ಲೋಟ, ಒಬ್ಬನ ಕುರ್ಚಿ. ಇಲ್ಲಿ ಯಾರ ಸ್ಥಳವೂ ತೆರವಾಗಿರಲಿಲ್ಲ. ಆಕೆಯನ್ನು ನಾನು ಮರೆಯಲಿಲ್ಲ. ಆದರೆ ಅಂದು ಆಕೆಯನ್ನು ನಾನೇ ನೆನೆದೆನು, ಗೋಡೆಗಳು ನೆನೆಯಿಸಲಿಲ್ಲ. ಒಂಟಿತನವೂ ಏಕಾಂತವೂ ಒಂದೇ ಅಲ್ಲವೆಂಬುದನ್ನು ಶಾಲೆಯಲ್ಲಿ ಪರ್ಯಾಯಪದಗಳನ್ನು ಬರೆಯಿಸುವಾಗ ನಾನು ತಿಳಿದಿರಲಿಲ್ಲ.

ಹೀಗೆ ಹೊರಡುವ ನನ್ನಂಥವರಿಗೆ ಒಂದೆರಡು ಮಾತು. ಬಾಡಿಗೆಯು ಒಬ್ಬರ ಲೆಕ್ಕವೋ ಇಬ್ಬರದೋ, ಒಬ್ಬರಿಗೆ ಕೋಣೆ ಕೊಡುವರೋ ಇಲ್ಲವೋ ಎಂಬುದನ್ನು ಮೊದಲೇ ಫೋನಿನಲ್ಲಿ ಕೇಳಿರಿ. ಗುರುತಿನ ಚೀಟಿಯನ್ನು ಮರೆಯಬೇಡಿರಿ. ಕೋಣೆ ಚಿಕ್ಕದಾದಷ್ಟೂ ಗಾಳಿಯ ಕಿಂಡಿಯನ್ನೂ ಚಿಲಕವನ್ನೂ ಹಣ ತೆರುವ ಮುನ್ನ ನೋಡಿರಿ. ಸ್ನಾನದ ಮನೆಯ ಒದ್ದೆ ನೆಲದಲ್ಲಿ ಅವಸರ ಬೇಡ. ಕೋಣೆಯ ಸಂಖ್ಯೆಯನ್ನು ಮನೆಗೆ ತಿಳಿಸಿ ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ ಮಾತನಾಡಿರಿ. ಒಬ್ಬರೇ ಇರುವಾಗ ಆಳದ ನೀರಿಗೆ ಇಳಿಯದಿರಿ. ಮನೆಯ ಮಕ್ಕಳಿಗೂ ಒಂದು ಮಾತು: ಹಿರಿಯರು ಒಬ್ಬರೇ ಎಲ್ಲಿಗಾದರೂ ಹೋಗಿಬರುವೆನೆಂದರೆ ಕೂಡಲೆ ಬೇಡವೆನ್ನಬೇಡಿರಿ, ಏತಕ್ಕೆಂದು ಕೇಳಿರಿ.

ಬೆಳಗ್ಗೆ ಮಗಳಿಗೆ ಫೋನು ಮಾಡಿ ಚೆನ್ನಾಗಿ ನಿದ್ರೆ ಬಂತೆಂದು ಹೇಳಿದೆನು. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಊರಿಗೆ ಹಿಂದಿರುಗಿದವನು ಪಡಸಾಲೆಯ ಪಕ್ಕದಲ್ಲಿ ಹಳೆಯ ಪುಸ್ತಕಗಳನ್ನು ತುಂಬಿದ್ದ ಚಿಕ್ಕ ಕೋಣೆಯನ್ನು ಗುಡಿಸಿ, ಒಬ್ಬನ ಮಂಚವನ್ನು ಅಲ್ಲಿಗೆ ಹಾಕಿಸಿಕೊಂಡೆನು. ದೊಡ್ಡ ಕೋಣೆಯನ್ನು ಯುಗಾದಿಗೆ ಬಂದ ಮೊಮ್ಮಕ್ಕಳಿಗೆ ಬಿಟ್ಟುಕೊಟ್ಟೆನು. ಅವರು ಜೋಡಿ ಮಂಚದ ಎರಡು ಮಗ್ಗುಲನ್ನೂ ತುಂಬಿಕೊಂಡು ಮಲಗಿದರು.