ಡಬ್ಬಿ ತಡವಾದರೆ ಒಲೆಯನ್ನೇ ಬೈಯಬೇಕೆ?

ಚೌಕಾಬಾರ, ಪಗಡೆ, ಕೇರಂ ಆಡುತ್ತಿದ್ದ ಕಾಲದಲ್ಲಿ ಮಕ್ಕಳ ಆಟಕ್ಕೆ ಪ್ರೇಕ್ಷಕರೆಂದರೆ ಮನೆಯ ಅಜ್ಜಿ, ಪಕ್ಕದ ಮನೆಯ ಹುಡುಗರು, ಹೆಚ್ಚೆಂದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಣುಕುವ ಅಮ್ಮ. ಇಂದು ಹಾಗಲ್ಲ. ಮುಂಬಯಿಯ ಪುಟ್ಟ ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ ಕೂತು ಹುಡುಗನೊಬ್ಬ ಲ್ಯಾಪ್‌ಟಾಪಿನಲ್ಲಿ ಕಾರು ಓಡಿಸುತ್ತಾನೆ. ಬೆಂಗಳೂರಿನ ಗೆಳೆಯ, ದುಬೈಯಲ್ಲಿರುವ ಅತ್ತೆಯ ಮಗಳು, ಧಾರವಾಡದ ಅಜ್ಜ ಎಲ್ಲರೂ ಆ ಹೊತ್ತಿಗೇ ಅದನ್ನು ನೋಡುತ್ತಾರೆ, ಅವನ ಮಾತನ್ನೂ ಕೇಳುತ್ತಾರೆ. ಇದಕ್ಕೆ ಲೈವ್ ಸ್ಟ್ರೀಮಿಂಗ್ ಎಂದು ಹೆಸರು. ಹಿಂದೆ ನಾವು ರೇಡಿಯೋಕ್ಕೆ ಕಿವಿಯಾನಿಸಿ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಕೇಳುತ್ತಿದ್ದೆವಲ್ಲ, ಅದರ ಮೊಮ್ಮಗ ಎನ್ನಿ.

ಈ ಸಂಭ್ರಮದ ಜೊತೆಗೇ ಹಲವು ಮನೆಗಳಲ್ಲಿ ಒಂದು ದೂರೂ ಕೇಳಿಬರುತ್ತಿದೆ. ನೇರಪ್ರಸಾರದ ಚಿತ್ರ ತಡವರಿಸುತ್ತದೆ. ಓಡಬೇಕಾದ ಕಾರು ಕಪ್ಪೆಯಂತೆ ಕುಪ್ಪಳಿಸುತ್ತದೆ, ನಡುನಡುವೆ ನಿಂತುಬಿಡುತ್ತದೆ. ಆಗ ಮಕ್ಕಳು ಕೊಡುವ ತೀರ್ಪು ಒಂದೇ: “ಅಮ್ಮಾ, ಈ ಲ್ಯಾಪ್‌ಟಾಪ್ ಹಳೇದಾಯ್ತು. ಹೊಸದು ಬೇಕು.” ಆಟಕ್ಕೆ ತಕ್ಕ ಹೊಸ ಲ್ಯಾಪ್‌ಟಾಪ್ ಎಂದರೆ ಸಂಸಾರವಂದಿಗರಿಗೆ ಸಣ್ಣ ಮಾತಲ್ಲ. ಕೆಲವರು ಸಾಲ ಮಾಡಿ ಕೊಡಿಸುತ್ತಾರೆ. ಇನ್ನು ಕೆಲವರು “ಓದೋದು ಬಿಟ್ಟು ಇದೆಲ್ಲ ಯಾಕೆ?” ಎಂದು ಗದರಿ ಮಾತು ಮುಗಿಸುತ್ತಾರೆ. ರೋಗ ಯಾವುದೆಂದು ನೋಡುವ ಗೋಜಿಗೆ ಮಾತ್ರ ಯಾರೂ ಹೋಗುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು!

ಓದುಗ ಬಂಧುಗಳೇ, ಈ ರೋಗವನ್ನು ಪತ್ತೆ ಮಾಡಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಅಡುಗೆಮನೆ ನಡೆಸಿದ ಅನುಭವ ಸಾಕು.

ಅಡುಗೆ, ಡಬ್ಬಿ, ಡಬ್ಬಾವಾಲಾ

ಮುಂಬಯಿಯಲ್ಲಿರುವ ನಮಗೆ ಡಬ್ಬಾವಾಲಾಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಧ್ಯಾಹ್ನ ಆಫೀಸಿನಲ್ಲಿ ಊಟ ತಲುಪಬೇಕಾದರೆ ಮೂರು ಕೆಲಸ ಆಗಬೇಕು. ಮೊದಲು ಅಡುಗೆ ಆಗಬೇಕು. ಆಮೇಲೆ ಅದನ್ನು ಡಬ್ಬಿಗೆ ತುಂಬಬೇಕು. ಕೊನೆಗೆ ಡಬ್ಬಾವಾಲಾ ಅದನ್ನು ಒಯ್ಯಬೇಕು. ಊಟ ತಡವಾಯಿತೆಂದರೆ ಈ ಮೂರರಲ್ಲಿ ಎಲ್ಲೋ ತಡವಾಗಿದೆ. ಲೋಕಲ್ ಟ್ರೈನು ನಿಂತುಹೋದದ್ದಕ್ಕೆ ಒಲೆಯನ್ನು ಬದಲಿಸಿದರೆ ಪ್ರಯೋಜನವೇನು?

ನೇರಪ್ರಸಾರದಲ್ಲಿಯೂ ಹೀಗೆಯೇ. ಆಟದ ಚಿತ್ರವನ್ನೂ ಆಡುವವನ ಮುಖವನ್ನೂ ಸೇರಿಸಿ ಒಂದೊಂದು ದೃಶ್ಯ ಸಿದ್ಧಪಡಿಸುವುದು ಅಡುಗೆ. ಇದು ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪಿನ ಕೆಲಸ. ಆ ದೃಶ್ಯಗಳನ್ನು ಒತ್ತಿ, ಕುಗ್ಗಿಸಿ, ಕಳಿಸಲು ಬರುವಂತೆ ಮಾಡುವುದು ಡಬ್ಬಿ ತುಂಬುವ ಕೆಲಸ. ಇದಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಅದನ್ನು ಮನೆಯಿಂದ ಯೂಟ್ಯೂಬಿಗೋ ಟ್ವಿಚ್‌ಗೋ ಸಾಗಿಸುವ ಇಂಟರ್ನೆಟ್ಟೇ ಡಬ್ಬಾವಾಲಾ. ಸೆಕೆಂಡಿಗೆ 60 ಚಿತ್ರಗಳ ಪ್ರಸಾರವಾದರೆ ಒಂದೊಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಆ ಚಿತ್ರ ಬಿಟ್ಟುಹೋಗುತ್ತದೆ. ಹೀಗೆ ಹತ್ತಾರು ಬಿಟ್ಟುಹೋದಾಗ ನೋಡುವವರ ಕಣ್ಣಿಗೆ ತಡವರಿಕೆ ಕಾಣುತ್ತದೆ.

ಸಂತೋಷದ ಸಂಗತಿಯೆಂದರೆ, ತಪ್ಪು ಎಲ್ಲಿದೆ ಎಂದು ಲ್ಯಾಪ್‌ಟಾಪೇ ಹೇಳುತ್ತದೆ. ಹೆಚ್ಚಿನ ಮಕ್ಕಳು ಪ್ರಸಾರಕ್ಕೆ ಬಳಸುವುದು ಓಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ. ಹ್ಯೂ ಬೇಲಿ ಎಂಬವರು 2012ರಲ್ಲಿ ಆರಂಭಿಸಿದ ಈ ತಂತ್ರಾಂಶ ಇಂದಿಗೂ ಉಚಿತ. ಅದರ ಮೆನುವಿನಲ್ಲಿ ‘ಸ್ಟ್ಯಾಟ್ಸ್’ ಎಂಬುದನ್ನು ಹುಡುಕಿ ತೆರೆದರೆ ಮೂರು ಸಾಲುಗಳು ಕಾಣುತ್ತವೆ. ಒಂದರಲ್ಲಿ ‘ಮಿಸ್ಡ್’, ಇನ್ನೊಂದರಲ್ಲಿ ‘ಸ್ಕಿಪ್ಡ್’, ಮತ್ತೊಂದರಲ್ಲಿ ‘ಡ್ರಾಪ್ಡ್’ ಎಂಬ ಪದ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೆ ಈ ಮೂರೂ ಹೆಚ್ಚುಕಡಿಮೆ ಒಂದೇ ಅರ್ಥದವು. ಆದರೆ ಇಲ್ಲಿ ಅವುಗಳ ನಡುವೆ ಅಜಗಜಾಂತರವಿದೆ. ರೆಂಡರಿಂಗ್ ಲ್ಯಾಗ್‌ನಿಂದ ‘ಮಿಸ್ಡ್’ ಎಂದಿದ್ದರೆ ಅಡುಗೆಯೇ ತಡ. ಎನ್‌ಕೋಡಿಂಗ್ ಲ್ಯಾಗ್‌ನಿಂದ ‘ಸ್ಕಿಪ್ಡ್’ ಎಂದಿದ್ದರೆ ಡಬ್ಬಿ ತುಂಬುವುದು ತಡ. ನೆಟ್‌ವರ್ಕಿನಿಂದ ‘ಡ್ರಾಪ್ಡ್’ ಎಂದಿದ್ದರೆ ಡಬ್ಬಾವಾಲಾ ದಾರಿಯಲ್ಲಿ ಸಿಕ್ಕಿಕೊಂಡಿದ್ದಾನೆ. ಮಕ್ಕಳು ಹತ್ತು ನಿಮಿಷ ಪ್ರಸಾರ ಮಾಡಲಿ. ಯಾವ ಸಾಲಿನ ಅಂಕಿ ಏರುತ್ತದೆಂದು ನೀವು ಪಕ್ಕದಲ್ಲಿ ಕೂತು ನೋಡಿ.

ಇನ್ನೊಂದು ಸುಲಭದ ಪರೀಕ್ಷೆಯಿದೆ. ಪ್ರಸಾರ ಮಾಡದೆ, ಅದೇ ಆಟವನ್ನು ಅದೇ ಗುಣಮಟ್ಟದಲ್ಲಿ ಲ್ಯಾಪ್‌ಟಾಪಿನಲ್ಲಿಯೇ ರೆಕಾರ್ಡ್ ಮಾಡಿ ನೋಡಿ. ರೆಕಾರ್ಡಿಂಗೂ ತಡವರಿಸಿದರೆ ದೋಷ ಲ್ಯಾಪ್‌ಟಾಪಿನೊಳಗಿದೆ. ರೆಕಾರ್ಡಿಂಗ್ ಸರಾಗವಾಗಿದ್ದು ಪ್ರಸಾರ ಮಾತ್ರ ತಡವರಿಸಿದರೆ ದೋಷ ಹೊರಗಿನ ದಾರಿಯಲ್ಲಿದೆ.

ಅಡುಗೆಯೇ ತಡವಾದಾಗ

ಈಗಿನ ಆಟದ ಲ್ಯಾಪ್‌ಟಾಪುಗಳ ಪರದೆ ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲದು. ಆಟವೂ ಹುರುಪಿನಿಂದ ಅಷ್ಟನ್ನೂ ಸಿದ್ಧಪಡಿಸುತ್ತದೆ. ಆದರೆ ಪ್ರಸಾರಕ್ಕೆ ಹೋಗುವುದು 60 ಅಥವಾ 30 ಮಾತ್ರ. ಡಬ್ಬಿಯಲ್ಲಿ ಹಿಡಿಸುವುದು 60 ದೋಸೆಯಾದರೆ 144 ಹುಯ್ಯುತ್ತ ಕೂತರೆ ಡಬ್ಬಿಯ ಕಡೆ ತಿರುಗಿ ನೋಡಲು ಪುರುಸೊತ್ತೆಲ್ಲಿ? ಆದ್ದರಿಂದ ಆಟದ ಸೆಟ್ಟಿಂಗಿನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಇಳಿಸಬೇಕು. ನೆರಳು, ನೀರಿನ ಪ್ರತಿಬಿಂಬ ಮುಂತಾದ ಅಲಂಕಾರಗಳನ್ನೂ ಒಂದು ಮೆಟ್ಟಿಲು ಇಳಿಸಬೇಕು. ವಿಂಡೋಸ್ 10 ಅಥವಾ 11 ಇದ್ದರೆ ಓಬಿಎಸ್ಸನ್ನು ‘ಅಡ್ಮಿನಿಸ್ಟ್ರೇಟರ್’ ಆಗಿ ತೆರೆಯಬೇಕು. ಆಗ ಗ್ರಾಫಿಕ್ಸ್ ಚಿಪ್ಪು ಆಟಕ್ಕೇ ಎಲ್ಲವನ್ನೂ ಕೊಟ್ಟುಬಿಡದೆ ಇದರ ಪಾಲನ್ನೂ ಎತ್ತಿಡುತ್ತದೆ.

ಬಹಳಷ್ಟು ಆಟದ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ಪು ಎರಡಿರುತ್ತವೆ: ದಿನನಿತ್ಯಕ್ಕೆ ಒಂದು ಸಣ್ಣದು, ಆಟಕ್ಕೆ ಒಂದು ದೊಡ್ಡದು. ಆಟ ದೊಡ್ಡದರ ಮೇಲೆ, ಓಬಿಎಸ್ ಸಣ್ಣದರ ಮೇಲೆ ಓಡುತ್ತಿದ್ದರೆ ಒಂದು ಅಡುಗೆಮನೆಯಿಂದ ಇನ್ನೊಂದಕ್ಕೆ ಪಾತ್ರೆ ಹೊತ್ತಂತೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನೊಳಗೆ ಗ್ರಾಫಿಕ್ಸ್ ಎಂಬ ಭಾಗವಿದೆ. ಅಲ್ಲಿ ಎರಡನ್ನೂ ‘ಹೈ ಪರ್ಫಾರ್ಮೆನ್ಸ್’ ಎಂದು ಆರಿಸಿ, ಓಬಿಎಸ್ಸಿನಲ್ಲಿ ‘ಗೇಮ್ ಕ್ಯಾಪ್ಚರ್’ ಬಳಸಿದರೆ ಈ ಓಡಾಟ ತಪ್ಪುತ್ತದೆ.

ಇನ್ನು ಶಾಖದ ವಿಷಯ. ನಮ್ಮ ಕಟ್ಟಡದ ಹುಡುಗಿಯೊಬ್ಬಳ ಪ್ರಸಾರ ಮೊದಲ ಇಪ್ಪತ್ತು ನಿಮಿಷ ಹಾಲಿನಂತೆ ಹರಿಯುತ್ತಿತ್ತು, ಆಮೇಲೆ ಎಡವತೊಡಗುತ್ತಿತ್ತು. ಹೋಗಿ ನೋಡಿದರೆ ಲ್ಯಾಪ್‌ಟಾಪ್ ಇದ್ದದ್ದು ಹತ್ತಿಯ ಹಾಸಿಗೆಯ ಮೇಲೆ! ಗಾಳಿ ಒಳಹೋಗುವ ಕಂಡಿಗಳು ಮುಚ್ಚಿಹೋಗಿ ಯಂತ್ರ ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತಿತ್ತು. ಮುಂಬಯಿಯ ಮೇ ತಿಂಗಳಲ್ಲಿ ಮನುಷ್ಯರೇ ಹಾಗೆ ಮಾಡುವಾಗ ಯಂತ್ರವನ್ನು ಬೈದು ಫಲವೇನು? ಮೇಜಿನ ಮೇಲಿಟ್ಟು, ಹಿಂಬದಿಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿ, ರಿಪೇರಿಯವನಿಂದ ಫ್ಯಾನಿನ ಧೂಳು ತೆಗೆಸಿದ ಮೇಲೆ ಎಡವುವುದು ನಿಂತಿತು. ಮೊದಲು ಚೆನ್ನಾಗಿದ್ದು ಆಮೇಲೆ ಕೆಡುವುದು ಶಾಖದ ಲಕ್ಷಣ, ನೆನಪಿಡಿ. ಬ್ಯಾಟರಿಯ ಮೇಲೆ ಓಡುವಾಗಲೂ ಲ್ಯಾಪ್‌ಟಾಪ್ ವೇಗ ತಗ್ಗಿಸುತ್ತದೆ. ಪ್ರಸಾರದ ಹೊತ್ತಿಗೆ ಅದರ ಜೊತೆ ಬಂದ ಚಾರ್ಜರನ್ನೇ ಹಾಕಿರಬೇಕು.

ಡಬ್ಬಿ ತುಂಬುವ ಕೈ

ಎನ್‌ಕೋಡಿಂಗನ್ನು ಎರಡು ಬಗೆಯಲ್ಲಿ ಮಾಡಬಹುದು. ‘ಎಕ್ಸ್264’ ಎಂಬುದನ್ನು ಆರಿಸಿದರೆ ಲ್ಯಾಪ್‌ಟಾಪಿನ ಮುಖ್ಯ ಪ್ರೊಸೆಸರೇ ಆ ಕೆಲಸ ಮಾಡಬೇಕು. ಅಂದರೆ ಒಲೆಯ ಮುಂದೆ ನಿಂತವಳೇ ಡಬ್ಬಿಯನ್ನೂ ತುಂಬಿದಂತೆ. ಆದರೆ 2011-12ರಿಂದೀಚೆಗೆ ಚಿಪ್ಪುಗಳೊಳಗೆ ಇದಕ್ಕೆಂದೇ ಪ್ರತ್ಯೇಕ ಭಾಗ ಬಂದಿದೆ: ಇಂಟೆಲ್‌ನದು ‘ಕ್ವಿಕ್ ಸಿಂಕ್’, ಎನ್‌ವಿಡಿಯಾದ್ದು ‘ಎನ್‌ವೆಂಕ್’, ಎಎಮ್‌ಡಿ ಚಿಪ್ಪುಗಳಲ್ಲಿಯೂ ಇಂಥದೊಂದಿದೆ. ಡಬ್ಬಿ ತುಂಬಲಿಕ್ಕೆಂದೇ ಒಬ್ಬಳನ್ನು ನೇಮಿಸಿದಂತೆ. ಓಬಿಎಸ್ಸಿನ ಔಟ್‌ಪುಟ್ ಸೆಟ್ಟಿಂಗಿನಲ್ಲಿ ಎನ್‌ಕೋಡರ್ ಎಂಬಲ್ಲಿ ಇವುಗಳಲ್ಲಿ ಯಾವುದು ಕಾಣುತ್ತದೋ ಅದನ್ನು ಆರಿಸಿಕೊಂಡರೆ ‘ಸ್ಕಿಪ್ಡ್’ ಅಂಕಿ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ಆಗಲೂ ನಿಲ್ಲದಿದ್ದರೆ ಡಬ್ಬಿಯ ಗಾತ್ರವನ್ನೇ ಕಿರಿದಾಗಿಸಬೇಕು. ಸ್ವಲ್ಪ ಲೆಕ್ಕ ನೋಡೋಣ. 1920×1080ರ ಒಂದು ಚಿತ್ರದಲ್ಲಿ 20,73,600 ಚುಕ್ಕಿಗಳಿವೆ. 1280×720ರ ಚಿತ್ರದಲ್ಲಿ ಇರುವುದು 9,21,600. ಮೊದಲನೆಯದನ್ನು ಸೆಕೆಂಡಿಗೆ 60ರಂತೆಯೂ ಎರಡನೆಯದನ್ನು 30ರಂತೆಯೂ ಕಳಿಸಿದರೆ ಹೊರೆಯ ವ್ಯತ್ಯಾಸ ನಾಲ್ಕೂವರೆ ಪಟ್ಟು! ಮೊಬೈಲಿನಲ್ಲಿ ನೋಡುವ ಬಂಧುಗಳಿಗೆ ಚುಕ್ಕಿ ಕಡಿಮೆಯಾದದ್ದು ಅಷ್ಟಾಗಿ ತಿಳಿಯುವುದಿಲ್ಲ. ಚಿತ್ರ ಎಡವಿದ್ದು ಮಾತ್ರ ತಟ್ಟನೆ ತಿಳಿಯುತ್ತದೆ. ಕಾರಿನ ಓಟದಂಥ ಆಟಕ್ಕೆ ಹೀಗೆ ಇಳಿಸಬೇಕಾದೀತು. ಚದುರಂಗದಂಥ ಆಟದಲ್ಲಿ ಚಿತ್ರ ಹೆಚ್ಚು ಕದಲುವುದಿಲ್ಲವಾದ್ದರಿಂದ ಸಾಧಾರಣ ಲ್ಯಾಪ್‌ಟಾಪೂ ನಿಭಾಯಿಸುತ್ತದೆ.

ದಾರಿಯಲ್ಲಿ ಸಿಕ್ಕಿಕೊಂಡ ಡಬ್ಬಾವಾಲಾ

ನನ್ನ ತಂಗಿಯ ಮಗ ಠಾಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರ ರಾತ್ರಿ ಅವನು ಕಾರಿನ ಆಟ ಪ್ರಸಾರ ಮಾಡುತ್ತಾನೆ, ಧಾರವಾಡದಲ್ಲಿರುವ ಅವನ ಅಜ್ಜ ತಪ್ಪದೆ ನೋಡುತ್ತಾರೆ. ಆಟ ಅವರಿಗೆ ತಿಳಿಯುವುದು ಅಷ್ಟಕ್ಕಷ್ಟೇ. ಆದರೆ ಒಂದು ಗಂಟೆ ಮೊಮ್ಮಗನ ದನಿ ಕಿವಿಗೆ ಬೀಳುತ್ತದಲ್ಲ! ಕೆಲವು ತಿಂಗಳ ಹಿಂದೆ ಚಿತ್ರ ಪದೇ ಪದೇ ನಿಲ್ಲತೊಡಗಿತು. “ಏನಪಾ, ನಿನ್ನ ಗಾಡಿ ಮತ್ತ ನಿಂತಬಿಡ್ತಲ್ಲಾ, ಪೆಟ್ರೋಲ್ ಮುಗೀತೇನು?” ಎಂದು ಅಜ್ಜ ನಗೆಯಾಡಿದರೂ ಹುಡುಗನಿಗೆ ಮುಖಭಂಗವಾಯಿತು. ಪ್ರಸಾರವನ್ನೇ ನಿಲ್ಲಿಸುತ್ತೇನೆಂದ. ಅವನ ಅಪ್ಪ ಬ್ಯಾಂಕಿನ ಠೇವಣಿ ಮುರಿದು ಹೊಸ ಲ್ಯಾಪ್‌ಟಾಪ್ ಕೊಡಿಸುವ ಮಾತಾಡಿದರು. ತಂಗಿಯ ಮುಖ ಸಪ್ಪಗಾಯಿತು. ಅದು ಮಗಳ ಮದುವೆಗೆಂದು ಇಟ್ಟ ಹಣ.

ಆ ಭಾನುವಾರ ನಾನೂ ಅಲ್ಲಿದ್ದೆ. ಹುಡುಗ ‘ಸ್ಟ್ಯಾಟ್ಸ್’ ತೆರೆದ, ನಾನು ಅಂಕಿಗಳನ್ನು ಚೀಟಿಯಲ್ಲಿ ಬರೆಯುತ್ತ ಹೋದೆ. ‘ಮಿಸ್ಡ್’, ‘ಸ್ಕಿಪ್ಡ್’ ಎರಡೂ ಸೊನ್ನೆಯ ಹತ್ತಿರ. ‘ಡ್ರಾಪ್ಡ್’ ಒಂದೇ ಏರುತ್ತಿತ್ತು. “ದೊಡ್ಡಮ್ಮಾ, ಲ್ಯಾಪ್‌ಟಾಪ್ ಸರಿಯಾಗಿಯೇ ಇದೆ!” ಎಂದು ಅವನೇ ಬೆರಗಾದ. ಅವರ ರೂಟರು ಹಜಾರದಲ್ಲಿ, ಟೀವಿಯ ಹಿಂದೆ. ಹುಡುಗ ಕೂರುವುದು ಎರಡು ಕಾಂಕ್ರೀಟ್ ಗೋಡೆಗಳಾಚೆ. ಸಾಲದ್ದಕ್ಕೆ ಮನೆಯವರ ಎರಡು ಮೊಬೈಲುಗಳು ಅದೇ ಹೊತ್ತಿಗೆ ಫೋಟೋ, ವಿಡಿಯೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಿದ್ದವು. ಮಾರನೆಯ ವಾರ ಲ್ಯಾಮಿಂಗ್ಟನ್ ರೋಡಿನಿಂದ ಉದ್ದದ ಈಥರ್ನೆಟ್ ಕೇಬಲ್ ತಂದು, ಗೋಡೆಯ ಅಂಚಿನಗುಂಟ ಎಳೆದು ರೂಟರಿನಿಂದ ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿದರು. ಖರ್ಚು ಕೆಲವು ನೂರು ರೂಪಾಯಿ. ಅಜ್ಜನ ಪೆಟ್ರೋಲಿನ ಮಾತು ನಿಂತಿತು, ಠೇವಣಿ ಉಳಿಯಿತು.

ಕೇಬಲ್ ಎಳೆಯಲಾಗದವರು ವೈಫೈಯ 5 ಗಿಗಾಹರ್ಟ್ಜ್ ಪಟ್ಟಿಯನ್ನು ಬಳಸಿ, ರೂಟರಿನ ಸಮೀಪ ಕೂರಲಿ. 2.4 ಗಿಗಾಹರ್ಟ್ಜ್ ಪಟ್ಟಿ ಗೋಡೆ ದಾಟಬಲ್ಲದಾದರೂ ನೆರೆಹೊರೆಯವರ ವೈಫೈಗಳೆಲ್ಲ ಅಲ್ಲಿಯೇ ಕಿಕ್ಕಿರಿದಿರುತ್ತವೆ. ನಮ್ಮ ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ.

ಎಷ್ಟು ಕಳಿಸಬೇಕು ಎಂಬುದಕ್ಕೆ ಬಿಟ್‌ರೇಟ್ ಎಂಬ ಅಂಕಿಯಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದೇ ಇಲ್ಲಿನ ಸೂತ್ರ. ಬ್ರಾಡ್‌ಬ್ಯಾಂಡಿನವರು ದೊಡ್ಡಕ್ಷರದಲ್ಲಿ ಹೇಳುವ ವೇಗ ಸಾಮಾನ್ಯವಾಗಿ ಡೌನ್‌ಲೋಡಿನದು, ಪ್ರಸಾರಕ್ಕೆ ಬೇಕಾದದ್ದು ಅಪ್‌ಲೋಡ್. ಪ್ರಸಾರ ಮಾಡುವ ಹೊತ್ತಿನಲ್ಲಿಯೇ ಅದನ್ನು ಅಳೆದು, ಬಂದ ಅಂಕಿಯ ಮುಕ್ಕಾಲು ಪಾಲು ಮೀರದಂತೆ ಬಿಟ್‌ರೇಟ್ ಇಡಬೇಕು. 720ರ ಚಿತ್ರ ಸೆಕೆಂಡಿಗೆ 30ರಂತೆ ಹೋಗಲು 3000ದಿಂದ 4000 ಕೆಬಿಪಿಎಸ್ ಸಾಕು. 1080ರ ಚಿತ್ರ 60ರಂತೆ ಹೋಗಬೇಕಾದರೆ 6000ದಷ್ಟು ಬೇಕು. 6000ದ ಲೆಕ್ಕದಲ್ಲಿ ಒಂದು ಗಂಟೆಗೆ ಸುಮಾರು 2.7 ಜಿಬಿ ಡೇಟಾ ಖರ್ಚಾಗುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ನಂಬಿದವರು ಗಮನಿಸಬೇಕು. ದಟ್ಟಣೆಯಾದಾಗ ಬಿಟ್‌ರೇಟನ್ನು ತಾನಾಗಿ ತಗ್ಗಿಸುವ ಅನುಕೂಲವೂ ಓಬಿಎಸ್ಸಿನ ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿದೆ.

ಮೂರೂ ಸಾಲುಗಳು ಸೊನ್ನೆಯ ಹತ್ತಿರವೇ ಇದ್ದು ದೂರು ಮಾತ್ರ ಬರುತ್ತಿದ್ದರೆ? ಇನ್ನೊಬ್ಬ ವೀಕ್ಷಕರನ್ನು ವಿಚಾರಿಸಿ. ಅವರಿಗೆ ಸರಿಯಾಗಿ ಕಂಡರೆ ತೊಂದರೆ ಮೊದಲನೆಯವರ ಇಂಟರ್ನೆಟ್ಟಿನದು. ಯೂಟ್ಯೂಬಿನಲ್ಲಿ ಗುಣಮಟ್ಟವನ್ನು 480ಕ್ಕೋ 360ಕ್ಕೋ ಇಳಿಸಿಕೊಳ್ಳಿ ಎಂದು ಹೇಳಿದರಾಯಿತು.

ಇಷ್ಟೆಲ್ಲ ನೋಡಿದ ಮೇಲೂ ಲ್ಯಾಪ್‌ಟಾಪೇ ಸೋತಿದೆ ಎಂದು ಖಚಿತವಾಗುವ ಮನೆಗಳೂ ಇರುತ್ತವೆ. ಕೊಳ್ಳುವ ಶಕ್ತಿಯಿದ್ದರೆ ಆಗ ಕೊಳ್ಳಿ. ಕಾರಣ ತಿಳಿದು ಮಾಡಿದ ಖರ್ಚು ಯಾರ ಮನಸ್ಸಿಗೂ ಚುಚ್ಚುವುದಿಲ್ಲ. ಆದರೆ ಮುಂದಿನ ಸಲ ನಿಮ್ಮ ಮಗಳೋ ಮಗನೋ ಸಪ್ಪೆ ಮುಖ ಹೊತ್ತು ಬಂದಾಗ ಪರ್ಸನ್ನೂ ಹುಡುಕಬೇಡಿ, ಗದರಲೂ ಬೇಡಿ. ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, “ಯಾವ ಸಾಲು ಏರ್ತಾ ಇದೆ, ತೋರಿಸು” ಎಂದು ಕೇಳಿ.